ಸರದಾರರ ಲಾಯದ ಹೋತ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಆಗ ಹದಿಮೂರು ಟಾಂಗಾ ನಿಲ್ಲುತ್ತಿದ್ದವು. ಹನ್ನೆರಡರ ಬೆನ್ನಿಗೆ ಮುನಸಿಪಾಲ್ಟಿ ಕೊಟ್ಟ ನಂಬರು ಬಿಟ್ಟರೆ ಮತ್ತೇನೂ ಇರಲಿಲ್ಲ. ಹದಿಮೂರನೆಯದರ ಬೆನ್ನಿಗೆ ಮಾತ್ರ ಹಳದಿ ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಸರದಾರ ಭರಮಪ್ಪ, ತೊರಗಲ್ ಕೋಟೆ’ ಎಂದು ಬರೆದಿತ್ತು. ಭರಮಪ್ಪನ ಅಜ್ಜ ತೊರಗಲ್ಲಿನ ಅರಸರ ವಾಡೆಯಲ್ಲಿ ಕುದುರೆಗಳ ನಡುವೆ ಇದ್ದವನು. ನಡುವೆ ಇದ್ದು ಏನು ಮಾಡುತ್ತಿದ್ದ ಎಂದು ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಅಷ್ಟು ಕುದುರೆಗಳ ನಡುವೆ ಇದ್ದವನು ಸರದಾರನಲ್ಲದೆ ಇನ್ನೇನಾಗಿದ್ದಾನು ಎಂದು ಭರಮಪ್ಪ ತಾನೇ ತೀರ್ಮಾನಿಸಿ, ಪೇಂಟರನನ್ನು ಕರೆದು ಬರೆಸಿಬಿಟ್ಟ.

ಆ ಒಂದು ಸಾಲಿಗಾಗಿ ಅವನ ಅಣ್ಣ ಸತ್ಯಪ್ಪ ಆರು ವರ್ಷದಿಂದ ಮಾತು ಬಿಟ್ಟಿದ್ದ. ಬರೆಸಿದ್ದು ಸುಳ್ಳು ಎಂದು ಅವನು ಎಂದೂ ಅಂದಿರಲಿಲ್ಲ. ತೊರಗಲ್ಲಿನಲ್ಲೇ ಉಳಿದಿದ್ದ ಸತ್ಯಪ್ಪನ ತಕರಾರೇ ಬೇರೆ ಇತ್ತು.

“ಹಿರ್ಯಾ ನಾ ಜೀವಂತ ಕುಂತೇನಿ. ನಾ ಇರಬೇಕಾದ್ರ ಸರದಾರ ನೀ ಹೆಂಗ ಆದಿ?” ಎಂದು ಕೇಳಿ, ಹೆಗಲ ಮೇಲಿನ ಟವೆಲ್ಲು ಝಾಡಿಸಿ ಹೋದವನು ಹಬ್ಬಕ್ಕೆ ಬಂದಿಲ್ಲ, ಹುಣ್ಣಿಮೆಗೆ ಬಂದಿಲ್ಲ. ಭರಮಪ್ಪ ಮಾತ್ರ ತೊರಗಲ್ಲಿನ ಮೇಲೆ ಹಾಯ್ದು ಬರುವ ರಾಮದುರ್ಗದ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ಒಂದೊಂದಾಗಿ ನೋಡುತ್ತಿದ್ದ. ಸವಾರಿ ಹುಡುಕಲಿಕ್ಕೆ ಎಂದು ಹೇಳಿಕೊಳ್ಳುತ್ತಿದ್ದ.

ಸರದಾರನ ಲಾಯದಲ್ಲಿ ಎರಡು ಕುದುರೆ. ಚಂದ್ರ್ಯಾ ಎಂಬುದು ವಯಸ್ಸಾದ, ಗಂಭೀರ ಪ್ರಾಣಿ. ಕಿತ್ತೂರಿನ ಕಡೆ ಮದುವೆ ಇದ್ದರೆ ಮದುಮಗನನ್ನು ಹೊತ್ತು, ಬಾಜಾಬಜಂತ್ರಿಗೆ ಕಿವಿ ಸಹ ಅಲುಗಿಸದೆ ನಡೆಯುತ್ತಿತ್ತು. ಇನ್ನೊಂದು, ಸವದತ್ತಿಯಿಂದ ಹೊಸದಾಗಿ ತಂದ ಬಿಳಿ ಹೆಣ್ಣುಕುದುರೆ ಮೋತಿ. ಚಂದ್ರ್ಯಾ ಪಕ್ಕದಲ್ಲಿದ್ದರೆ ಮೋತಿಯಂಥ ಬಂಗಾರ ಇಲ್ಲ. ಚಂದ್ರ್ಯಾನನ್ನು ಟಾಂಗಾಕ್ಕೆ ಕಟ್ಟಿ ಓಣಿ ದಾಟಿಸಿದರೆ ಸಾಕು, ಮೋತಿ ಒಮ್ಮೆ ಕೆನೆದು, ಹಿಂದಿನ ಗೋಡೆಗೆ ಒದೆಯಲು ಶುರು ಮಾಡುತ್ತಿತ್ತು. ಚಂದ್ರ್ಯಾ ತಿರುಗಿ ಬರುವವರೆಗೂ ಒದೆಯುತ್ತಿತ್ತು.

ಆ ಗೋಡೆಯ ಆಚೆ ರಿಟೈರಾದ ಕೃಷ್ಣಾಜಿ ಮಾಸ್ತರರ ಮನೆ. ಮೂವತ್ತೈದು ವರ್ಷ ಮಕ್ಕಳ ಗದ್ದಲ ತಡೆದ ಮಾಸ್ತರರು ಇನ್ನುಳಿದ ಆಯುಷ್ಯದ ಮಧ್ಯಾಹ್ನಗಳನ್ನೆಲ್ಲ ನಿದ್ದೆಗೆಂದು ತೆಗೆದಿಟ್ಟಿದ್ದರು. ಮೋತಿ ಬಂದ ವಾರದಲ್ಲೇ ಗೋಡೆಯ ಮೇಲಿನ ಎರಡು ಫೋಟೋ ಬಿದ್ದವು. ಮರುವಾರ ಗೋಡೆಯದೇ ಒಂದು ಕಲ್ಲು ಕಳಚಿ, ತಾಟಿನಷ್ಟು ದೊಡ್ಡ ಕಿಂಡಿಯಾಯಿತು. ಆ ಕಿಂಡಿಯಲ್ಲಿ ಮಾಸ್ತರರ ಮುಖ ಕಾಣಿಸಿತು.

“ಭರಮಪ್ಪ, ನಿನ್ನ ಕುದುರಿ ನಮ್ಮ ಮನಿಯೊಳಗ ಕಾಲಿಟ್ಟದ. ಇನ್ನ ಊಟಕ್ಕ ಕೂಡೂದೊಂದು ಬಾಕಿ ಅದ.”

“ಸಣ್ಣದೈತ್ರಿ ಸರ, ತಿಳಿವಳಿಕಿ ಇಲ್ಲ.”

“ನಿನಗ ಅದನೇನು?” ಎಂದು ಕೇಳಿ ಮುಖ ಹಿಂದೆ ಹೋಯಿತು. ಮಾಸ್ತರರು ಮುನಸಿಪಾಲ್ಟಿಗೆ ಅರ್ಜಿ ಬರೆದರು. ಇನ್ಸ್‌ಪೆಕ್ಟರ್ ಬಸಯ್ಯ ಬಂದು ಕಿಂಡಿ ನೋಡಿ, ಕೈ ತೂರಿಸಿ ಅಳತೆ ಮಾಡಿ, ಒಂದು ನೋಟೀಸು ಕೊಟ್ಟ. ಹದಿನೈದು ದಿವಸದೊಳಗೆ ಒದೆತ ನಿಲ್ಲದಿದ್ದರೆ ಲಾಯ ಕಿತ್ತು ಊರ ಹೊರಗೆ ಒಯ್ಯಬೇಕು. ಊರ ಹೊರಗೆ ಎಂದರೆ ಮೊದಲ ಬಸ್ಸಿನ ಸವಾರಿ ಹೋಯಿತು, ಕುದುರೆ ಕಾಯಲಿಕ್ಕೆ ಭರಮಪ್ಪನೂ ಅಲ್ಲೇ ಮಲಗಬೇಕಾಯಿತು, ಮನೆಯೇ ಎರಡಾಯಿತು.

ದನದ ದವಾಖಾನೆಯ ಕಂಪೌಂಡರ್ ವೆಂಕಣ್ಣ ಮೋತಿಯ ಹಲ್ಲು ನೋಡಿ, ಕಾಲು ನೋಡಿ, ಔಷಧ ಬೇಡ ಎಂದರು.

“ಇದಕ್ಕ ಒಬ್ಬರ ಜೋಡಿ ಬೇಕಪಾ. ದೊಡ್ಡ ದೊಡ್ಡ ಲಾಯದಾಗ ಕುದುರಿ ಜೋಡಿ ಒಂದು ಸಣ್ಣ ಪ್ರಾಣಿ ಕಟ್ಟತಾರ. ಅದು ಇದ್ರ ಕುದುರಿ ಸಮಾಧಾನ ಇರ್ತದ.”

“ಯಾವ ಪ್ರಾಣೀರಿ?”

“ಅದು ಕುದುರೀನ ಕೇಳು” ಎಂದು ವೆಂಕಣ್ಣ ಚೀಟಿ ಸಹ ಬರೆಯದೆ ಎದ್ದರು.

ಕುದುರೆಯನ್ನು ಕೇಳುವ ಮೊದಲು ಭರಮಪ್ಪ ಹೆಂಡತಿ ಕೆಂಪವ್ವನನ್ನು ಕೇಳಿದ. ಕೋಳಿ ತರಬೇಕು, ತತ್ತಿಯಾದರೂ ಸಿಗುತ್ತದೆ ಎಂದು ಕೆಂಪವ್ವ ಹೇಳಿದಳು. ಕೋಳಿ ಬಂತು. ನೇರ ಗೋದಲಿಯಲ್ಲಿ ಕೂತು, ಮೋತಿ ಮೇವಿಗೆ ಬಾಯಿ ಹಾಕಿದರೆ ಮೂತಿಗೆ ಕುಕ್ಕಿತು. ಮೋತಿ ಉಪವಾಸ ನಿಂತು ಒದೆಯಿತು. ಮೊದಲು ಹೊಟ್ಟೆ ತುಂಬಿ ಒದೆಯುತ್ತಿತ್ತು, ಅಷ್ಟೇ ಫರಕು.

ಆಮೇಲೆ ಕುರಿಮರಿ ಬಂತು. ಅದು ತನ್ನ ಹಿಂಡನ್ನು ನೆನೆದು ಬಾಯಿ ಮುಚ್ಚದೆ ಅತ್ತಿತು. ಅದರ ಅಳು ಕೇಳಿ ಮೋತಿಗೆ ಇನ್ನಷ್ಟು ದುಃಖವಾಯಿತು. ಕಿಂಡಿಯಲ್ಲಿ ಮಾಸ್ತರರ ಮುಖ ಬಂತು.

“ಭರಮಪ್ಪ, ಮದಲ ಬರೇ ತಬಲಾ ಇತ್ತು. ಈಗ ಹಾಡವರನೂ ಕರಸೀಯೇನು?”

ಕುರಿಮರಿಯನ್ನು ಅದರ ಹಿಂಡಿಗೆ ಬಿಟ್ಟುಬರಲು ಮನೋಳಿಗೆ ಹೋದ ಭರಮಪ್ಪ, ಅಲ್ಲಿಯೇ ಒಂದು ಹೋತ ಹಿಡಿದುಕೊಂಡು ಬಂದ. ಕರಿ ಮೈ, ಬಿಳಿ ಕಿವಿ, ಮೂರು ಬೆರಳಿನಷ್ಟು ಗಡ್ಡ. ಲಾಯದೊಳಗೆ ಬಿಟ್ಟ ಕೂಡಲೇ ಅದು ಮೊದಲು ಬಾಗಿಲಿಗೆ ಸಿಕ್ಕಿಸಿದ್ದ ಮುನಸಿಪಾಲ್ಟಿ ನೋಟೀಸನ್ನು ತಿಂದಿತು. ನಂತರ ಮೋತಿಯ ಮೇವಿಗೆ ಬಾಯಿ ಹಾಕಿತು. ಮೋತಿ ಹಲ್ಲು ಕಿಸಿದು ಬಂದರೆ, ಹಿಂದೆ ಎರಡು ಹೆಜ್ಜೆ ಸರಿದು, ಮುಂಗಾಲೆತ್ತಿ, ಅದರ ಎದೆಗೆ ಒಂದು ಡಿಕ್ಕಿ ಕೊಟ್ಟಿತು. ಹುಟ್ಟಿದಾಗಿನಿಂದ ಮೋತಿಯನ್ನು ಯಾರೂ ಬೈದಿರಲಿಲ್ಲ. ಅದು ಬೆರಗಾಗಿ ಸುಮ್ಮನೆ ನಿಂತಿತು. ಅವತ್ತು ಸಂಜೆ ಚಂದ್ರ್ಯಾ ಟಾಂಗಾ ಎಳೆದು ತಿರುಗಿ ಬಂದಾಗ, ಮೋತಿ ಅಡ್ಡಾಗಿತ್ತು, ಹೋತ ಅದರ ಹೊಟ್ಟೆಗೆ ಒರಗಿ ಮೆಲುಕು ಹಾಕುತ್ತಿತ್ತು.

“ಇದು ಆಡಲ್ಲ, ಜಮಾದಾರ” ಎಂದಳು ಕೆಂಪವ್ವ. ಅದೇ ಹೆಸರು ನಿಂತಿತು. ಎರಡು ದಿವಸ ನೋಡಿದಳು, ಮೂರನೆಯ ದಿವಸ ಅವಳಿಗೆ ಜಮಾದಾರನ ಮೇಲೆ ಜೀವ ಬಂತು. ಬಿಸಿನೀರು ಹಾಕಿ ಮೈ ತೊಳೆದಳು. ದೃಷ್ಟಿ ತಾಗಬಾರದೆಂದು ಹಣೆಗೆ ಅರಿಷಿಣ ಹಚ್ಚಿದಳು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿದಳು. ಕಟ್ಟಿ, ಓಣಿಯ ಬಿಸಿಲಿಗೆ ಒಣಗಲು ನಿಲ್ಲಿಸಿದಳು.

ಇಲ್ಲಿಂದ ಕೆಟ್ಟಿತು.

ಎದುರು ಮನೆಯ ಶಟ್ಟೆವ್ವ ಮಡಿ ಸೀರೆ ಹಿಂಡುತ್ತ ಹೊರಗೆ ಬಂದಳು. ತೊಳೆದ ಹೋತ, ಹಣೆಗೆ ಅರಿಷಿಣ, ಕೊರಳಿಗೆ ಕೆಂಪು ಬಟ್ಟೆ. ನೋಡಿ ಸೆರಗು ತಲೆಗೆಳೆದುಕೊಂಡಳು. ಆ ಸೀಮೆಯಲ್ಲಿ ಹೋತಕ್ಕೆ ಎರಡು ಸಲ ಮಾತ್ರ ನೀರು ಬೀಳುತ್ತದೆ, ಮಳೆ ಬಂದಾಗೊಮ್ಮೆ, ಹರಕೆಗೊಮ್ಮೆ. ಅವತ್ತು ಮಳೆ ಬಂದಿರಲಿಲ್ಲ.

“ಏನಪಾ ಭರಮಣ್ಣ, ಭಾಳ ಚಲೋ ಹೋತ ತಂದೀಯಲ್ಲ. ಯಾಕ?”

ಭರಮಪ್ಪ ಖರೆ ಹೇಳಲು ಬಾಯಿ ತೆಗೆದಿದ್ದ. ಅಷ್ಟರಲ್ಲಿ ಸ್ಟ್ಯಾಂಡಿನ ಮೂವರು ಟಾಂಗಾದವರು ಸೈಕಲ್ ನಿಲ್ಲಿಸಿ ಕಿವಿಗೊಟ್ಟರು. ಕುದುರೆಗೆ ಬೇಸರ ಆಗುತ್ತದೆಂದು ಆಡು ತಂದೆ ಎಂದು ಸರದಾರನೊಬ್ಬ ಹೇಗೆ ಹೇಳಬೇಕು? ಭರಮಪ್ಪ ಗಂಟಲು ಸರಿಮಾಡಿಕೊಂಡ.

“ನಮ್ಮ ಮನಿತನದ ಪದ್ಧತಿ ಐತಿ ಯವ್ವಾ. ಅಜ್ಜನ ಕಾಲಕ್ಕ ನಡೀತಿತ್ತು. ನಡುವ ಬಿಟ್ಟ ಹೋಗಿತ್ತು. ನಾ ಮತ್ತ ಹಿಡದೇನಿ.”

ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಶಟ್ಟೆವ್ವನ ಕಿವಿಗೆ ಅದು ಹರಕೆ ಎಂದೇ ಬಿತ್ತು. ಅಜ್ಜನ ಕಾಲದ ಹರಕೆ ನಡುವೆ ಬಿಟ್ಟು, ಮೊಮ್ಮಗ ಮತ್ತೆ ಹಿಡಿಯುವುದೆಂದರೆ ಆ ಕಡೆ ಸಣ್ಣ ಮಾತಲ್ಲ. ಅಣ್ಣತಮ್ಮರೆಲ್ಲ ಒಂದಾಗಿ ನಿಂತು ಮುಟ್ಟಿಸಬೇಕು. ಮಾತು ಬಿಟ್ಟವರು ಸಹ ಬರಬೇಕು. ಬಾರದವರ ಮನೆಗೆ ದೋಷ. ಊಟಕ್ಕೆ ಓಣಿಯೆಲ್ಲ ಬರಬೇಕು, ಅದರಲ್ಲಿ ಯಾರಿಗೂ ದೋಷವಿಲ್ಲ.

ಶಟ್ಟೆವ್ವ ಪರೋಪಕಾರಿ. ರಾಮದುರ್ಗದ ಬಸ್ಸಿನ ಕಂಡಕ್ಟರ್ ಅವಳ ತಂಗಿಯ ಮೈದುನ. ಸಂಜೆಯ ಬಸ್ಸಿಗೆ ಅವಳೇ ನಡೆದು ಹೋಗಿ ಸುದ್ದಿ ಕೊಟ್ಟಳು. ಕಂಡಕ್ಟರ್ ಪ್ರತಿಯೊಂದು ಸ್ಟಾಪಿನಲ್ಲೂ ಇಳಿಯುವವರ ಕೈಗೆ ಅದನ್ನು ಕೊಟ್ಟು ಸೀಟಿ ಊದಿದ. ಮುರಗೋಡಕ್ಕೆ ಮುಟ್ಟಿದಾಗ ಭರಮಪ್ಪನಿಗೆ ದೇವಿ ಕನಸಿನಲ್ಲಿ ಬಂದಿದ್ದಳು. ಮುಂದಿನ ಊರಲ್ಲಿ ಕುದುರೆ ಗೋಡೆ ಒಡೆದದ್ದು ದೇವಿಯ ಸಿಟ್ಟಿನಿಂದಲೇ ಎಂಬುದು ಗೊತ್ತಾಯಿತು. ತೊರಗಲ್ಲಿಗೆ ಬರುವಷ್ಟರಲ್ಲಿ ಮಾಸ್ತರರ ಮನೆಯೇ ಅರ್ಧ ಬಿದ್ದಿತ್ತು.

ಇತ್ತ ಭರಮಪ್ಪನಿಗೆ ದಿನಗಳು ಚೆನ್ನಾಗಿ ಹೋಗುತ್ತಿದ್ದವು. ಸ್ಟ್ಯಾಂಡಿನಲ್ಲಿ ಮೊದಲ ಸವಾರಿ ಅವನಿಗೇ ಬಿಡತೊಡಗಿದರು. ಚಹಾ ಕುಡಿಸಿದರು. ನಂಬರ್ ಏಳರ ಟಾಂಗಾದವನು ಹತ್ತಿರ ಬಂದು, “ಅಣ್ಣಾ, ಕಾಲಿನ ಸೂಪು ನಮ್ಮವ್ವಗ ಭಾಳ ಸೇರ್ತೈತಿ” ಎಂದ. ಭರಮಪ್ಪ, “ಚಲೋ ಆತು, ವಯಸ್ಸಾದವರಿಗೆ ಕೊಡಬೇಕು” ಎಂದು ಹರಸಿದ. ಸರದಾರ ಎಂದು ಈಗಲಾದರೂ ಜನ ಗುರುತು ಹಿಡಿದರಲ್ಲ ಎಂದುಕೊಂಡ.

ಶನಿವಾರ ತೊರಗಲ್ಲಿನಿಂದ ಒಂದು ಕಾರ್ಡು ಬಂತು. ‘ಚಿರಂಜೀವಿ ಭರಮಪ್ಪನಿಗೆ ಸತ್ಯಪ್ಪನ ಆಶೀರ್ವಾದ. ಹರಕಿ ವಿಷಯ ತಿಳಿಯಿತು. ಹಿರಿಯನಾದ ನಾನು ಬಾರದೆ ಹೋತಕ್ಕೆ ಕೈ ಹಚ್ಚಬೇಡ. ಮಂಗಳವಾರ ಮುಂಜಾನೆ ಎಲ್ಲರೂ ಬರುತ್ತೇವೆ. ಕಾಡವ್ವ ಅತ್ತಿಯೂ ಬರುವಳು.’

ಭರಮಪ್ಪ ಕಾರ್ಡನ್ನು ಎರಡು ಸಲ ಓದಿ, ಟಾಂಗಾದ ಮೆಟ್ಟಿಲ ಮೇಲೆ ಕೂತುಬಿಟ್ಟ.

“ಈಗಿಂದೀಗ ಹೋಗಿ ಖರೇ ಹೇಳಿ ಬರ್ರಿ” ಎಂದಳು ಕೆಂಪವ್ವ. “ಹರಕಿ ಇಲ್ಲ, ಏನಿಲ್ಲ. ಜಮಾದಾರ ಹೋದ್ರ ಮೋತಿ ಗ್ವಾಡಿ ಬೀಳಸ್ತೈತಿ. ಮಂಗಳವಾರನ ನೋಟೀಸಿನ ಮುದ್ದತ್ತು ಮುಗೀತೈತಿ.”

“ಆರು ವರ್ಷದ ಮ್ಯಾಲ ಚಿರಂಜೀವಿ ಅಂತ ಬರದಾನಲ್ಲೇ” ಎಂದ ಭರಮಪ್ಪ. “ಹರಕಿ ಇಲ್ಲ ಅಂದ್ರ ಅವ ಬರೂದಿಲ್ಲ.”

“ಹರಕಿ ಐತಿ ಅಂದ್ರ ಇದು ಇರೂದಿಲ್ಲ.”

ಇದ್ದದ್ದು ಅಷ್ಟೇ. ಆಡು ಉಳಿದರೆ ಅಣ್ಣ ಇಲ್ಲ, ಅಣ್ಣ ಬಂದರೆ ಆಡು ಇಲ್ಲ. ಆಡು ಹೋದರೆ ಲಾಯವೂ ಇಲ್ಲ. ಭರಮಪ್ಪ ಧೈರ್ಯ ಮಾಡಿ ಮೊದಲು ಶಟ್ಟೆವ್ವನಿಗೆ ಖರೆ ಹೇಳಿದ. ಅವಳು ಪೂರ್ತಿ ಕೇಳಿದಳು.

“ಕುದುರಿಗೆ ಬ್ಯಾಸರ ಕಳ್ಯಾಕ ಆಡು! ಅದಕ್ಕೊಂದು ರೇಡಿಯೋನೂ ತಂದ್ಕೊಡು. ಮೂವತ್ತು ಮಂದಿ ಊಟಕ್ಕ ಬರ್ತಾರಂತ ಕೈ ಹಿಡೀಬ್ಯಾಡೋ ಭರಮಣ್ಣ. ದೇವಿ ನೋಡಾಕ ಹತ್ಯಾಳ” ಎಂದು ಬಾಗಿಲು ಹಾಕಿಕೊಂಡಳು.

ಮಂಗಳವಾರ ರಾಮದುರ್ಗದ ಮೊದಲ ಬಸ್ಸಿನಿಂದ ಮೂವತ್ತೆಂಟು ಜನ ಇಳಿದರು. ಹೊರೆಗಟ್ಟಲೆ ಉಳ್ಳಾಗಡ್ಡಿ, ಒಣಕೊಬ್ಬರಿ, ಮಸಾಲೆ ಅರೆಯಲು ಇಲ್ಲಿ ಕಲ್ಲು ಸಾಲದಿದ್ದರೆ ಇರಲಿ ಎಂದು ಒಂದು ಕಲ್ಲು. ಮುಂದೆ ಸತ್ಯಪ್ಪ, ತಲೆಗೆ ಮದುವೆಯ ರುಮಾಲು. ಹಿಂದೆ ಇಬ್ಬರ ಹೆಗಲು ಹಿಡಿದ ಕಾಡವ್ವ, ಅಪ್ಪನ ತಂಗಿ, ಎಂಬತ್ತು ದಾಟಿದವಳು. ಸತ್ಯಪ್ಪ ಟಾಂಗಾದ ಬೆನ್ನ ಮೇಲಿನ ಅಕ್ಷರ ಓದಿದ. ಓದಲಿಲ್ಲ ಎಂಬಂತೆ ಮುಖ ತಿರುಗಿಸಿ, ತಮ್ಮನ ಹೆಗಲ ಮೇಲೆ ಕೈ ಇಟ್ಟ.

“ತಮ್ಮಾ, ಭಾಳ ಸೊರಗೀಯಲ್ಲೋ.”

ಭರಮಪ್ಪನ ಬಾಯಲ್ಲಿ ಸಿದ್ಧವಾಗಿ ಕೂತಿದ್ದ ಖರೆ ಮಾತು ಅಲ್ಲೇ ಇಳಿದು ಹೋಯಿತು. “ಬಾ ಅಣ್ಣಾ” ಎಂದಷ್ಟೇ ಬಂತು.

ಅಂಗಳ ಸಾರಿಸಿ ರಂಗೋಲಿ ಹಾಕಿದ್ದಾಯಿತು. ಹೋತವನ್ನು ತರಲು ಹೋದ ನಾಲ್ವರು ಕೈ ಬೀಸಿಕೊಂಡು ಬಂದರು. ಅದು ಮೋತಿಯ ಹೊಟ್ಟೆಯ ಕೆಳಗೆ ನಿಂತಿದೆ, ಕುದುರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಕೊನೆಗೆ ಸತ್ಯಪ್ಪನೇ ಉಪಾಯ ಹೇಳಿದ, ಕುದುರೆಯನ್ನೂ ಹೊರಗೆ ತರಬೇಕು. ಮೋತಿ ಬಂತು, ಅದರ ಜೊತೆ ಜಮಾದಾರನೂ ಬಂದ. ಇಬ್ಬರೂ ರಂಗೋಲಿಯ ಮೇಲೆ ನಿಂತರು.

ಹರಕೆಯ ಪ್ರಾಣಿಗೆ ಮೊದಲು ನೀರು ಹಾಕಿ ಒಪ್ಪಿಗೆ ಕೇಳಬೇಕು. ನೀರು ಬಿದ್ದು ಅದು ಮೈ ಕೊಡವಿದರೆ ದೇವಿ ಒಪ್ಪಿದಳೆಂದು ಲೆಕ್ಕ. ಕೊಡವುವವರೆಗೆ ಮುಟ್ಟುವ ಹಾಗಿಲ್ಲ. ಸತ್ಯಪ್ಪ ತಂಬಿಗೆಯ ನೀರು ಹೋತದ ಮೇಲೆ ಚಿಮುಕಿಸಿದ. ಮೂವತ್ತೆಂಟು ಜನ ಉಸಿರು ಹಿಡಿದರು. ಇಷ್ಟು ದಿನ ಕೆಂಪವ್ವನ ಕೈಯಿಂದ ಬಿಸಿನೀರಿನ ಸ್ನಾನ ಮಾಡಿ ರೂಢಿಯಾಗಿದ್ದ ಜಮಾದಾರ ಕಣ್ಣು ಮುಚ್ಚಿ, ಇನ್ನಷ್ಟು ಹಾಕಲಿ ಎಂದು ನಿಂತ.

ಎರಡನೆಯ ತಂಬಿಗೆ ಹಾಕಿದರು. ಕೊಡವಲಿಲ್ಲ. ಮೂರನೆಯದಕ್ಕೆ ಸತ್ಯಪ್ಪ ಕೈ ಮುಗಿದು, “ತಾಯಿ, ಆರು ವರ್ಷ ತಮ್ಮನ ಮನಿ ಕಡೆ ಹಾಯಲಿಲ್ಲ, ಅದು ನಂದ ತಪ್ಪು” ಎಂದ. ಭರಮಪ್ಪ ಕಣ್ಣೊರೆಸಿಕೊಂಡ. ಹೋತ ಕೊಡವಲಿಲ್ಲ. ಉಳ್ಳಾಗಡ್ಡಿ ಹೆಚ್ಚುತ್ತಿದ್ದವರೂ ಕೈ ನಿಲ್ಲಿಸಿದರು.

“ಕೊಡಾನ ಹಾಕ್ರೋ” ಎಂದು ಯಾರೋ ಕೂಗಿದರು. ಸತ್ಯಪ್ಪ ಕೊಡ ಎತ್ತಿ ಒಮ್ಮೆಲೇ ಸುರಿದ. ಅರ್ಧ ನೀರು ಹೋತದ ಮೇಲೆ ಬಿತ್ತು, ಅರ್ಧ ಪಕ್ಕದಲ್ಲಿದ್ದ ಮೋತಿಯ ಮೇಲೆ.

ಮೋತಿ ಕಿವಿಯಿಂದ ಶುರುಮಾಡಿ ಬಾಲದ ತುದಿಯವರೆಗೆ ಮೈ ಕೊಡವಿತು. ಸಂದೇಹಕ್ಕೆ ಎಡೆಯಿರಬಾರದೆಂದು ಎರಡನೆಯ ಸಲವೂ ಕೊಡವಿತು.

ಮೂವತ್ತೆಂಟು ಜನರ ಕಣ್ಣು ಹೋತದಿಂದ ಕುದುರೆಯ ಕಡೆ ತಿರುಗಿದವು.

“ಅವ್ವಾ ತಾಯಿ” ಎಂದಳು ಶಟ್ಟೆವ್ವ. “ಆಕಿ ಕುದುರಿ ಕೇಳಾಕ ಹತ್ಯಾಳ.”

“ಸರದಾರರ ಮನಿತನ ಅಲ್ಲನ” ಎಂದು ನಂಬರ್ ಏಳರವನು ತಲೆದೂಗಿದ. “ಹೋತ ಯಾಕ ಒಪ್ಯಾಳು?”

ಸರಿಯಾಗಿ ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಬಸಯ್ಯ ಒಳಗೆ ಬಂದ. ಮುದ್ದತ್ತು ಮುಗಿದದ್ದಕ್ಕೆ ಬಂದಿದ್ದ. ಹಿಂದೆ ಕೃಷ್ಣಾಜಿ ಮಾಸ್ತರರು, ಕೈಯಲ್ಲಿ ಹೊಸ ಅರ್ಜಿ. ತಮ್ಮ ಗೋಡೆಗೆ ಹತ್ತಿ ಪ್ರಾಣಿ ಕೊಯ್ಯುತ್ತಾರೆಂಬ ಸುದ್ದಿ ಅವರಿಗೂ ಮುಟ್ಟಿತ್ತು.

“ಯಾವುದನ್ನ ಕೊಯ್ಯಾವ್ರು?” ಎಂದು ಬಸಯ್ಯ ಪೆನ್ನು ತೆಗೆದ.

“ಇನ್ನ ಠರಾವ ಆಗಿಲ್ರಿ” ಎಂದ ಗುಂಪಿನಲ್ಲೊಬ್ಬ. “ಸದ್ಯೇಕ ಕುದುರೀ ಮ್ಯಾಲ ಬಂದೈತಿ.”

ಬಸಯ್ಯನ ಪೆನ್ನು ನಿಂತಿತು. ಕೊಯ್ಯುವ ಪ್ರಾಣಿಗಳ ಕಾಲಂ ಅವನ ಫಾರ್ಮಿನಲ್ಲಿತ್ತು, ಅದರೊಳಗೆ ಕುದುರೆ ಇರಲಿಲ್ಲ. “ನಾ ಕೊಟ್ಟ ನೋಟೀಸ ಎಲ್ಲೈತಿ? ಅದನ್ನರೆ ತಗೀರಿ.”

“ಜಮಾದಾರ ತಿಂದಾನ್ರಿ” ಎಂದಳು ಕೆಂಪವ್ವ.

“ನಮ್ಮ ಜಮಾದಾರ? ಮುನಸಿಪಾಲ್ಟಿಯಂವ?”

ಭರಮಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಮೋತಿಯ ಕೊರಳು, ಇನ್ನೊಂದರಲ್ಲಿ ಹೋತದ ಕೊರಳು ಹಿಡಿದು ಕೂಗಿದ.

“ಹರಕೀನ ಇಲ್ರ್ಯೋ! ಯಾವ ದೇವರಿಗೂ ಏನೂ ಬೇಡಿಕೊಂಡಿಲ್ಲ. ಮೋತಿ ಒಂದ ಇದ್ರ ಒದೀತೈತಿ, ಅದಕ್ಕ ಜೋಡಿ ಅಂತ ಆಡು ತಂದೆ. ಮಂದಿ ನಗ್ತಾರಂತ ಅಜ್ಜನ ಪದ್ಧತಿ ಅಂದೆ. ಸುಳ್ಳ ಅಂದೆ.”

ಸತ್ಯಪ್ಪ ಕೊಡ ಕೆಳಗಿಟ್ಟ. ಹೆಗಲ ಮೇಲಿನ ಟವೆಲ್ಲು ತೆಗೆದು, ಆರು ವರ್ಷದ ಹಿಂದೆ ಝಾಡಿಸಿದ ಹಾಗೆಯೇ ಝಾಡಿಸಿದ.

“ಕುದುರಿ ಬ್ಯಾಸರ ಕಳ್ಯಾಕ ಮೂವತ್ತೆಂಟ ಮಂದೀನ ಕರಸಿದಿ. ಮಂದಿ ಮುಂದ ತಪ್ಪಾತು ಅಂತ ನನ್ನ ಬಾಯಿಲೆ ಅನಿಸಿದಿ. ನಡೀರೋ, ಹನ್ನೊಂದರ ಬಸ್ಸೈತಿ.”

“ಅಣ್ಣಾ, ನಿಂದರು” ಎಂದ ಭರಮಪ್ಪ. ಕೈ ಬಿಟ್ಟು ಹಿಂದೆ ಓಡುವ ಹಾಗೂ ಇರಲಿಲ್ಲ.

ಆಗ ಕಟ್ಟೆಯ ಮೇಲಿಂದ ನಗೆ ಕೇಳಿಸಿತು. ಕಾಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಕೆಮ್ಮು ಬರುವಷ್ಟು ನಗುತ್ತಿದ್ದಳು.

“ಸತ್ಯಾ, ಕುಂದ್ರು. ಭರಮ್ಯಾ, ನೀ ಸುಳ್ಳ ಹೇಳಿಲ್ಲೋ. ಹೇಳಬೇಕಂದ್ರೂ ನಿನಗ ಬರೂದಿಲ್ಲ. ವಾಡೇದ ಲಾಯದಾಗ ಕುದುರಿ ಜೋಡಿ ಒಂದು ಆಡು ಕಟ್ಟತಿದ್ರು. ನಮ್ಮಪ್ಪಗ, ಅಂದ್ರ ನಿಮ್ಮ ಅಜ್ಜಗ, ಅದ ಚಾಕರಿ.”

“ಕುದುರಿ ಕಾಯೂದೇನ ಅತ್ತಿ?” ಎಂದ ಸತ್ಯಪ್ಪ.

“ಕುದುರೀಗೆ ಬ್ಯಾರೇದವರಿದ್ರು. ನಮ್ಮಪ್ಪ ಆಡು ಕಾಯತಿದ್ದ. ಮುಂಜಾನೆ ಮೇಯಸ್ಕೊಂಡ ಬರೂದು, ಸಂಜೀಕ ಕುದುರಿ ಹಂತ್ಯಾಕ ಕಟ್ಟೂದು. ವಾಡೇದಾಗ ಅವಗ ಆಡಿನ ಬಸವಣ್ಣೆಪ್ಪ ಅಂತಿದ್ರು.”

ಅಂಗಳದಲ್ಲಿ ಇಬ್ಬರು ಸರದಾರರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾವ ಬಿರುದಿಗಾಗಿ ಆರು ವರ್ಷ ಮಾತು ಬಿಟ್ಟಿದ್ದರೋ ಅದು ಎದುರಿಗೇ ನಿಂತು ರಂಗೋಲಿಯ ಮೇಲೆ ಹಿಕ್ಕೆ ಹಾಕುತ್ತಿತ್ತು.

“ಇಷ್ಟ ದಿನಾ ಯಾಕ ಹೇಳಲಿಲ್ಲ ಅತ್ತಿ?”

“ನೀವು ಸರದಾರ ಯಾರಂತ ಬಡದಾಡಿದ್ರಿ. ಅಜ್ಜ ಏನ ಮಾಡತಿದ್ದ ಅಂತ ಯಾರರೆ ಕೇಳಿದ್ರೇನು?”

ಕೃಷ್ಣಾಜಿ ಮಾಸ್ತರರು ಅಷ್ಟೊತ್ತು ಏನೋ ಲೆಕ್ಕ ಹಾಕುತ್ತಿದ್ದರು.

“ಭರಮಪ್ಪ, ಈ ಆಡು ಬಂದದ್ದು ಯಾವಾಗ?”

“ಮೊನ್ನಿಂದಲ್ಲ, ಅದರ ಹಿಂದಿನ ಆದಿತ್ಯವಾರರಿ ಸರ. ಒಂಬತ್ತು ದಿನಾತು.”

“ಒಂಬತ್ತು ದಿನದಿಂದ ನನಗ ಮಧ್ಯಾಹ್ನ ನಿದ್ದಿ ಬರ್ಲಿಕ್ಕೆ ಹತ್ತದ. ನಮ್ಮಾಕಿ ಮಾಡೋ ಕಷಾಯದ ಗುಣ ಅಂತ ತಿಳಕೊಂಡಿದ್ದೆ.” ಅವರು ಕೈಯಲ್ಲಿದ್ದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದರು. “ಬಸಯ್ಯ, ಮೊದಲಿನ ಅರ್ಜಿ ವಾಪಸ್ ಬರಕೋ. ಒಂದು ಕರಾರು ಹಾಕು. ಈ ಪ್ರಾಣಿಗೆ ಯಾರೂ ಕೈ ಹಚ್ಚಬಾರದು. ಹಚ್ಚಿದ್ರ ನಾನು ಕಲೆಕ್ಟರ್ ತನಕಾ ಹೋಗ್ತೀನಿ.”

ಬಸಯ್ಯ ಕಾಲಂಗಳನ್ನು ಮೇಲೆ ಕೆಳಗೆ ನೋಡಿ, ‘ಎರಡು ಕುದುರೆ, ಒಂದು ಆಡು, ಶಾಂತ’ ಎಂದು ಬರೆದ. ಬರೆದ ಹಾಳೆಯನ್ನು ಜಮಾದಾರನಿಂದ ದೂರ ಹಿಡಿದುಕೊಂಡು ಹೋದ.

ಮೂವತ್ತೆಂಟು ಜನಕ್ಕೆ ಬದನೆಕಾಯಿ ಪಲ್ಯ, ರೊಟ್ಟಿ, ಜುಣಕದ ಊಟವಾಯಿತು. ಗೋಡೆಯ ಕಿಂಡಿಯಿಂದ ಮಾಸ್ತರರ ಹೆಂಡತಿ ಕಮಲಾಬಾಯಿ ಒಂದು ಭರಣಿ ಮಾವಿನ ಉಪ್ಪಿನಕಾಯಿ ಈಚೆ ದಾಟಿಸಿದರು. ನಂಬರ್ ಏಳರವನು ಸೂಪಿಗೆಂದು ತಂದಿದ್ದ ಪಾತ್ರೆಯಲ್ಲಿ ಬದನೆಕಾಯಿ ಒಯ್ದ. ಶಟ್ಟೆವ್ವ ಎರಡು ಸಲ ಬಡಿಸಿಕೊಂಡು, “ನಾ ಮದಲ ಹೇಳಿದ್ದೆ, ಇದು ಹರಕಿ ಆಡಲ್ಲಂತ” ಎಂದಳು.

ಸಂಜೆಯ ಬಸ್ಸಿಗೆ ಎಲ್ಲರನ್ನೂ ಹತ್ತಿಸಿದ್ದಾಯಿತು. ಸತ್ಯಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತ. ಟಾಂಗಾದ ಬೆನ್ನ ಮೇಲಿನ ಅಕ್ಷರವನ್ನು ಈ ಸಲ ಪೂರ್ತಿ ಓದಿದ.

“ತಮ್ಮಾ, ಅದನ್ನ ಅಳಿಸಿಬಿಡು.”

“ನಾಳೀನ ಅಳಸ್ತೇನಿ ಅಣ್ಣಾ.”

“ಮತ್ತೊಂದು ಮಾತು.” ಸತ್ಯಪ್ಪ ರುಮಾಲು ಸರಿಮಾಡಿಕೊಂಡ. “ಹಿರ್ಯಾ ನಾ ಇದ್ದೇನಿ. ಅಜ್ಜನ ಚಾಕರಿ ಹಿರ್ಯಾನ ಪಾಲಿಗೆ ಬರಬೇಕು. ನ್ಯಾಯದ ಪ್ರಕಾರ ಆ ಆಡು ನನ್ನ ಹಂತ್ಯಾಕ ಇರಬೇಕು.”

“ಅದ ಹೆಂಗಾಕ್ಕೈತಿ? ಮನೋಳಿಗೆ ಹೋಗಿ ತಂದಾಂವ ನಾನು!”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಸತ್ಯಪ್ಪನ ಕೈ ವಾದ ಮಾಡುತ್ತಿರುವುದು ಕಾಣುತ್ತಿತ್ತು.

ಅದು ಇನ್ನೂ ಇತ್ಯರ್ಥವಾಗಿಲ್ಲ. ಹದಿನೈದು ದಿವಸಕ್ಕೊಮ್ಮೆ ಸತ್ಯಪ್ಪ ತೊರಗಲ್ಲಿನಿಂದ ಆಡಿನ ಮೇವಿಗೆಂದು ಒಂದು ಚೀಲ ಜಾಲಿಕಾಯಿ ಹೊತ್ತು, ಮೊದಲ ಬಸ್ಸಿಗೆ ಬಂದಿಳಿಯುತ್ತಾನೆ. ಬಂದದ್ದು ಆಡನ್ನು ನೋಡಲಿಕ್ಕೆ, ಮತ್ತೆ ಯಾರನ್ನೂ ಅಲ್ಲ ಎಂದು ಇಳಿದ ಕೂಡಲೇ ಹೇಳುತ್ತಾನೆ. ಭರಮಪ್ಪ ಆ ಬಸ್ಸಿಗೆ ಬೇರೆ ಸವಾರಿ ಹಿಡಿಯುವುದಿಲ್ಲ.